ಬ್ರಾಯ್ಲರ್ ಕೋಳಿ ಗೊರಗೊರ ಅನ್ನಾಕತ್ತಾವ, ಪೌಡರ್ ಹಾಕಿದ್ರೂ ಸಾಯೋದು ನಿಂತಿಲ್ಲ (ಕಾರಟಗಿ, 25ನೇ ದಿನ)

ಕಾರಟಗಿ_ಫಾರಂ
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಕಾರಟಗಿ ಹತ್ರ 5 ಸಾವಿರ ಹಕ್ಕಿ ಶೆಡ್ಡು, ಕಂಪನಿ ಬ್ಯಾಚು (ಕೋಳಿ ಕಂಪನಿದು, ಸಾಕೋದು ನಾವು). ಇವತ್ತಿಗೆ 25ನೇ ದಿನ. 20ನೇ ದಿನದಿಂದ ರಾತ್ರಿ ಲೈಟ್ ಆರಿಸಿ ಸುಮ್ನ ನಿಂತ್ರ ಶೆಡ್ಡಿನ ತುಂಬ ಗೊರಗೊರ ಸಪ್ಪಳ ಕೇಳತೈತಿ, ಸೀನ್ತಾವ, ಕೆಲವುಕ್ಕ ಕಣ್ಣಿನ ಮೂಲ್ಯಾಗ ನೊರೆ ಬರಾಕತ್ತೈತಿ. ಮೊದ್ಲು ದಿನಕ್ಕ ಐದಾರು ಸಾಯ್ತಿದ್ವು ಈಗ 40 ದಾಟೈತಿ. ಕಂಪನಿ ಸೂಪರ್‌ವೈಸರ್ ಬಂದು ನೀರಾಗ ಹಾಕು ಅಂತ ಒಂದು ಪೌಡರ್ ಕೊಟ್ಟು ಹೋದ್ರು, ಹೆಸರು ಕೇಳಿದ್ರ ಹೇಳಂಗಿಲ್ಲ, ಪಾಕೀಟಿನ ಮ್ಯಾಲೆ ಲೇಬಲ್ಲೂ ಇಲ್ಲ. ಮೂರು ದಿನ ಹಾಕಿದ್ವಿ, ಫರಕು ಕಾಣವಲ್ದು. ಮ್ಯಾವು ತಿನ್ನೋದು ಕಮ್ಮಿ ಮಾಡ್ಯಾವ, ರೆಕ್ಕಿ ಇಳಿಬಿಟ್ಕೊಂಡು ಮೂಲ್ಯಾಗ ಗುಂಪು ಕೂಡ್ತಾವ. ಈ ಚಳಿಗಾಲದಾಗ ನಮ್ಮ ಕಡೆ ಬಾಳ ಮಂದಿಗೆ ಹಿಂಗ ಆಗಾಕತ್ತೈತಿ ಅಂತ ಕೇಳೀನಿ. ಯಾರಿಗರ ಗೊತ್ತಿದ್ರ ಹೇಳ್ರಿ.

ಗಂಗಾವತಿ_ಹುಡುಗ
ಬ್ರದರ್ ಇದು ಪಕ್ಕಾ ಸಿಆರ್‌ಡಿ, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಉಸಿರಿನ ರೋಗ. ಎನ್ರೋಫ್ಲಾಕ್ಸಸಿನ್ ಹೊಡೀರಿ, ಅದಕ್ಕೂ ಬಗ್ಲಿಲ್ಲ ಅಂದ್ರ ಕೊಲಿಸ್ಟಿನ್ ಜೊತಿಗೆ ಕೊಡ್ರಿ, ನಮ್ಮ ಕಡೆ ಮೆಡಿಕಲ್‌ದಾಗ ಎಲ್ಲಾ ಸಿಗತೈತಿ, ಎರಡು ದಿನದಾಗ ಕಂಟ್ರೋಲ್.

ಬಳ್ಳಾರಿ_ಲೇಯರ್
ಕೊಲಿಸ್ಟಿನ್ ಅಂತ ಇಲ್ಲಿ ಬರೀಬೇಡಪ್ಪ ತಮ್ಮಾ. ಕೋಳಿ, ದನ, ಮೀನು ಯಾವುಕ್ಕೂ ಅದನ್ನ ಕೊಡಬಾರ್ದು ಅಂತ 2019ರ ಜುಲೈನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಬಂದ್ ಮಾಡೈತೆ. ಬೇರೆ ಯಾವ ಔಷಧಿನೂ ಕೆಲಸ ಮಾಡದೇ ಇದ್ದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡೋ ಕೊನೇ ಔಷಧಿ ಅದು. ಯಾರಾದ್ರೂ ಇನ್ನೂ ಮಾರ್ತಾ ಇದ್ರೆ ಅದು ಕಾನೂನಿಗೆ ವಿರುದ್ಧ.
ಮೂಲ ಪೋಸ್ಟ್ ಹಾಕಿದ ಅಣ್ಣಾರಿಗೆ ನಂದು ಒಂದೇ ಪ್ರಶ್ನೆ. ಸತ್ತ ಕೋಳಿನ ಯಾರಾದ್ರೂ ಕೊಯ್ದು ನೋಡಿದಾರಾ? ನೋಡದೇ ಇದ್ರೆ ನಾವಿಲ್ಲಿ ಎಷ್ಟು ಹೆಸರು ಹೇಳಿದ್ರೂ ಅಂದಾಜೇ. ಗೊರಗೊರ ಅನ್ನೋದು ಸಿಆರ್‌ಡಿಗೂ ಬರುತ್ತೆ, ಐಬಿಗೂ (ವೈರಸ್‌ನಿಂದ ಬರೋ ಶ್ವಾಸನಾಳದ ರೋಗ) ಬರುತ್ತೆ, ಕೊಕ್ಕರೆ ರೋಗಕ್ಕೂ (ರಾಣಿಖೇತ್) ಬರುತ್ತೆ, ಬರೀ ಹಿಕ್ಕೆಯಿಂದ ಏಳೋ ಅಮೋನಿಯಾ ಗ್ಯಾಸ್ ಜಾಸ್ತಿ ಆದ್ರೂ ಬರುತ್ತೆ.

ಸಿಂಧನೂರು_ವೆಟ್
ಲೇಯರ್ ಅಣ್ಣಾರು ಹೇಳಿದ್ದು ಖರೇ ಅದ. ನಾನು ಪಶುವೈದ್ಯ, ಇಷ್ಟು ವರ್ಷ ಈ ಭಾಗದಾಗ ಕೋಳಿ ನೋಡಿದ ಮ್ಯಾಲ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಬ್ಯಾಕ್ಟೀರಿಯಾ ಒಂದೇ ಬಂದು ಶೆಡ್ ಖಾಲಿ ಮಾಡೋದು ಕಮ್ಮಿ, ಅದಕ್ಕ ಬಾಗಿಲು ತೆಗೆದು ಕೊಡೋದು ಬ್ಯಾರೆ ಏನೋ ಇರ್ತದ. ಆ ಬಾಗಿಲು ಯಾವುದು ಅಂತ ಹುಡುಕಲಾರದೆ ಪೌಡರ್ ಮ್ಯಾಲ ಪೌಡರ್ ಹಾಕಿದ್ರ ರೊಕ್ಕ ಹೋಗ್ತದ, ಕೋಳಿನೂ ಹೋಗ್ತಾವ.

ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಂತ ಕೋಳಿ ಕರುಳಿನ್ಯಾಗೇ ಇರ್ತದ. ನೆಲಕ್ಕ ಹಾಸಿದ ಹೊಟ್ಟಿನ್ಯಾಗ, ಧೂಳಿನ್ಯಾಗ, ನೀರಿನ ಪೈಪಿನ್ಯಾಗ ಎಲ್ಲಾ ಕಡೆ ಅದ. ಶ್ವಾಸನಾಳದ ಒಳಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಕೂದಲಿನಂಥವು ಇರ್ತಾವ, ಧೂಳು, ರೋಗಾಣು ಎಲ್ಲಾ ಮ್ಯಾಲಕ್ಕ ದಬ್ಬಿ ಹೊರಗ ಹಾಕ್ತಾವ. ಅಮೋನಿಯಾ 25 ಪಿಪಿಎಂ (ಹತ್ತು ಲಕ್ಷ ಭಾಗದಾಗ 25 ಭಾಗ) ದಾಟ್ತಂದ್ರ ಆ ಕೂದಲು ಕೆಲಸ ಬಿಡ್ತಾವ. ಮೈಕೋಪ್ಲಾಸ್ಮಾ ಬಂದ್ರೂ, ಐಬಿ ವೈರಸ್ ಬಂದ್ರೂ ಅದೇ ಕಥಿ. ಆವಾಗ ಧೂಳಿನ ಕೂಡ ಒಳಗ ಹೋದ ಇ. ಕೋಲಿ ಗಾಳಿಚೀಲಕ್ಕ ಇಳೀತದ, ಅಲ್ಲಿಂದ ರಕ್ತಕ್ಕ, ಹೃದಯಕ್ಕ, ಲಿವರ್‌ಗೆ. ಕೊಯ್ದು ನೋಡಿದ್ರ ಲಿವರ್ ಮತ್ತ ಹೃದಯದ ಮ್ಯಾಲ ಕೆನೆಗಟ್ಟಿದಂಗ ಬಿಳಿ ಹಳದಿ ಪೊರಿ ಕಾಣ್ತದ, ಗಾಳಿಚೀಲ ತಿಳಿ ಇರೋದು ಬಿಟ್ಟು ಮಬ್ಬಾಗಿರ್ತದ. ನಾಕನೇ ವಾರದಾಗ, ಚಳಿಗಾಲದಾಗ ಬ್ರಾಯ್ಲರ್‌ಗೆ ಇದು ಬಾಳ ಸಾಮಾನ್ಯ.

ಈಗ ನೀವು ಹೇಳ್ರಿ. ರಾತ್ರಿ ಪರದೆ ಪೂರಾ ಮುಚ್ತೀರೇನು? ಮುಂಜಾನೆ ಶೆಡ್ಡಿನ ಒಳಗ ಹೋದ ಕೂಡ್ಲೆ ಕಣ್ಣು ಉರಿತಾವೇನು? ಹೊಟ್ಟು ಗಟ್ಟಿಯಾಗಿ ಚಪ್ಪಡಿ ಕಟ್ಟ್ಯಾದೇನು? ನೀರು ಕಾಲುವೆದೋ ಬೋರಿಂದೋ?

ಕಾರಟಗಿ_ಫಾರಂ
ಸರ್, ಹೌದ್ರಿ, ಚಳಿ ಅಂತ ನಾಕೂ ಕಡೆ ಪರದೆ ಇಳಿಬಿಡತೀವಿ, ಮುಂಜಾನೆ ಹೋದ್ರ ಕಣ್ಣಾಗ ನೀರು ಬರತೈತಿ. ಕೋಳಿ ನೀರು ಕುಡಿಯೋ ನಿಪ್ಪಲ್ ಲೈನಿನ ಕೆಳಗ ಹೊಟ್ಟು ಹಸಿ, ಚಪ್ಪಡಿ ಚಪ್ಪಡಿ ಏಳತೈತಿ. ನೀರು ಬೋರಿಂದು, ಬಾಳ ಗಡಸು, ಕೊಡದ ತಳದಾಗ ಬಿಳಿ ಕಟ್ಟತೈತಿ. ಕಾಲುವಿ ನೀರು ಬಂದಾಗ ಹೊಂಡ ತುಂಬಿಸ್ಕೊಂಡು ಅದನ್ನೂ ಬಿಡತೀವಿ.

ಸಿಂಧನೂರು_ವೆಟ್
ಹಂಗಾದ್ರ ಅರ್ಧ ಉತ್ತರ ನೀವೇ ಕೊಟ್ರಿ. ಮನುಷ್ಯಾರ ಕಣ್ಣು ಮೂಗು ಉರಿಯೋವಷ್ಟು ಅಮೋನಿಯಾ ಅಂದ್ರ ಆಗ್ಲೇ 20-25 ಪಿಪಿಎಂ ಆಜುಬಾಜು ಅದ ಅಂತ ತಿಳ್ಕೊಳ್ರಿ, ಕೋಳಿ ಮೂಗು ನೆಲಕ್ಕ ಇನ್ನೂ ಹತ್ರ. ಇವತ್ತೇ ಮಾಡೋದು: ಪರದೆ ಮ್ಯಾಲಿಂದ ಒಂದರ್ಧ ಅಡಿ ಬಿಡ್ರಿ, ರಾತ್ರಿನೂ. ಗಾಳಿ ಕೋಳಿ ಮೈಮ್ಯಾಲ ನೇರ ಬೀಳಬಾರ್ದು, ಮ್ಯಾಲಿಂದ ಹಾದು ಹೋಗಬೇಕು. ಚಪ್ಪಡಿ ಕಟ್ಟಿದ ಹೊಟ್ಟು ತೆಗೆದು ಹೊರಗ ಹಾಕ್ರಿ, ಕೆದರಿ ಅಲ್ಲೇ ಬಿಡಬ್ಯಾಡ್ರಿ, ಕೆದರಿದ್ರ ಗ್ಯಾಸ್ ಇನ್ನೂ ಏಳ್ತದ. ಆ ಜಾಗಕ್ಕ ಒಣ ಹೊಟ್ಟು ಹಾಕ್ರಿ, ಕಾರಟಗಿಯಾಗ ಅಕ್ಕಿ ಗಿರಣಿಗೇನು ಕಮ್ಮಿ. ಸೋರೋ ನಿಪ್ಪಲ್ ಬದಲಿ ಮಾಡ್ರಿ. ಮುಷ್ಟಿ ಹೊಟ್ಟು ಹಿಡಿದು ಅಮುಕಿದ್ರ ಸ್ವಲ್ಪ ಕೂಡಿ ಬಿಟ್ಟ ಕೂಡ್ಲೆ ಉದುರಬೇಕು, ಉಂಡಿ ಆದ್ರ ಹಸಿ ಅಂತ ಅರ್ಥ.

ಗಡಸು ನೀರಿನ ಮಾತು ಬಂದದ್ದು ಚಲೋ ಆತು. ಟೆಟ್ರಾಸೈಕ್ಲಿನ್ ಗುಂಪು, ಎನ್ರೋ ಗುಂಪು ಎರಡೂ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಂಟ್ಕೊಂಡು ಬಿಡ್ತಾವ, ಕೋಳಿ ಮೈಗೆ ಹತ್ತೋದು ಕಮ್ಮಿ ಆಗ್ತದ. ನಮ್ಮ ರಾಯಚೂರು, ಕೊಪ್ಪಳ ಬೋರ್ ನೀರಿನ್ಯಾಗ ಔಷಧಿ "ಕೆಲಸ ಮಾಡವಲ್ದು" ಅನ್ನೋದಕ್ಕ ಇದೂ ಒಂದು ಕಾರಣ, ಯಾರೂ ಇದರ ಬಗ್ಗೆ ಮಾತಾಡಂಗಿಲ್ಲ.

ಮತ್ತ ಆ ಲೇಬಲ್ ಇಲ್ಲದ ಪೌಡರ್ ಹೆಸರು ಕೇಳಿ ತಿಳ್ಕೊಳ್ಳೇಬೇಕು ನೀವು. ಯಾಕಂದ್ರ ಸಿಆರ್‌ಡಿಗೆ ಟಿಯಾಮುಲಿನ್ ಕೊಡ್ತಾರ, ಮ್ಯಾವಿನ್ಯಾಗ ಕಾಕ್ಸಿ (ರಕ್ತಬೇಧಿ ರೋಗ) ಬರಲಾರದಂಗ ಸಲಿನೋಮೈಸಿನ್ ಇಲ್ಲಾ ಮೊನೆನ್ಸಿನ್ ಕೂಡಿಸಿರ್ತಾರ. ಇವು ಕೂಡಿದ್ರ ವಿಷ. ಕಾಲು ಬಿದ್ದು ಹೋಗ್ತಾವ, ಸಾಯ್ತಾವ, ರೋಗ ಜಾಸ್ತಿ ಆತು ಅಂತ ಇನ್ನೊಂದು ಔಷಧಿ ಹಾಕ್ತಾರ. ಕೇಳೋದು ನಿಮ್ಮ ಹಕ್ಕು, ಕೋಳಿ ಕಂಪನಿದಾದ್ರೂ ಶೆಡ್ಡು, ಕರೆಂಟು, ದುಡಿಮಿ ನಿಮ್ದು.

ಗಂಗಾವತಿ_ಹುಡುಗ
ಸರ್ ಹಂಗಾದ್ರ ಅಮಾಕ್ಸಿಸಿಲಿನ್ ನಡೀತೈತೇನ್ರಿ ಸಿಆರ್‌ಡಿಗೆ? ಸೇಫ್ ಅಂತಾರ.

ಸಿಂಧನೂರು_ವೆಟ್
ಮೈಕೋಪ್ಲಾಸ್ಮಾಕ್ಕ ಆಗಂಗಿಲ್ಲ ತಮ್ಮಾ. ಪೆನ್ಸಿಲಿನ್ ಗುಂಪಿನ ಔಷಧಿ ಬ್ಯಾಕ್ಟೀರಿಯಾದ ಹೊರಗಿನ ಗೋಡಿ ಕಟ್ಟೋದನ್ನ ತಡೀತದ, ಮೈಕೋಪ್ಲಾಸ್ಮಾಕ್ಕ ಆ ಗೋಡಿನೇ ಇಲ್ಲ. ಟೈಲೋಸಿನ್‌ನಂಥವು ಬೇಕು. ಅದಕ್ಕೇ ಹೇಳೋದು, ಯಾವ ರೋಗ ಅಂತ ಗೊತ್ತಾಗಲಾರದೆ ಔಷಧಿ ಹೆಸರು ಹೇಳಬಾರ್ದು. ನಾಳೆ ಮುಂಜಾನೆ ಆಗಷ್ಟೇ ಸತ್ತವು ಎರಡು, ಸಾಯೋ ಹಂತದಾಗ ಇರೋವು ಎರಡು ಮೂರು ತಗೊಂಡು ಲ್ಯಾಬಿಗೆ ಹೋಗ್ರಿ. ಸತ್ತವನ್ನ ದಪ್ಪ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಐಸ್ ಡಬ್ಬಿಯಾಗ ಇಟ್ಕೊಂಡು ಹೋಗ್ರಿ, ಫ್ರೀಜರ್‌ದಾಗ ಇಡಬ್ಯಾಡ್ರಿ. ಔಷಧಿ ಕುಡೀಲಾರದ ಕೋಳಿ ಇದ್ರ ಇನ್ನೂ ಚಲೋ, ಔಷಧಿ ಬಿದ್ದಿದ್ರ ಕಲ್ಚರ್‌ದಾಗ ರೋಗಾಣು ಬೆಳೆಯೋದು ಕಷ್ಟ. ಕೋಳಿ ಕೊಟ್ಟು ಬರೋ ಮುಂದ ಸೆನ್ಸಿಟಿವಿಟಿ ಟೆಸ್ಟೂ ಮಾಡ್ರಿ ಅಂತ ಹೇಳ್ರಿ, ಎರಡು ಮೂರು ದಿನ ಹಿಡೀತದ, ಯಾವ ಔಷಧಿಗೆ ಬಗ್ಗತದ ಯಾವುದಕ್ಕ ಬಗ್ಗಂಗಿಲ್ಲ ಅಂತ ಬರಹದಾಗೇ ಕೊಡ್ತಾರ. ಎಲ್ಲಿ ಒಯ್ಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರ ಪಶು ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ ಇಲ್ಲಾ ನಿಮ್ಮ ತಾಲೂಕು ಪಶು ಆಸ್ಪತ್ರಿಯಾಗ ಕೇಳ್ರಿ. ಗಂಗಾವತಿ ಕೃಷಿ ವಿಜ್ಞಾನ ಕೇಂದ್ರ ನಿಮಗ ಹತ್ರ, ಅಲ್ಲಿಯವರೂ ದಾರಿ ಹೇಳ್ತಾರ.

ಸಂಡೂರು_ಸಿಟಿಜನ್
ಮಧ್ಯ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಒಂದೇ ರಾತ್ರಿಗೆ ನೂರಾರು ಸತ್ರೆ, ತಲೆ ಜುಟ್ಟು ಕಪ್ಪಗೆ ನೀಲಿ ಆದ್ರೆ ಯಾರೂ ಮನೇಲಿ ಕೊಯ್ಯೋಕೆ ಹೋಗಬೇಡ್ರಿ, ಚೀಲದಲ್ಲಿ ಹಾಕ್ಕೊಂಡು ಬಸ್ಸಲ್ಲೂ ಒಯ್ಯಬೇಡ್ರಿ. 2025ರಲ್ಲಿ ನಮ್ಮ ತಾಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂದಿದ್ದು ಎಲ್ಲರಿಗೂ ನೆನಪೈತೆ. ಅಂಥದ್ದು ಕಂಡ್ರೆ ಮೊದಲು ಇಲಾಖೆಗೆ ಫೋನು, ಅವರೇ ಬಂದು ಸ್ಯಾಂಪಲ್ ತಗೊಂತಾರೆ.

ಸಿಂಧನೂರು_ವೆಟ್
ಬಾಳ ಮುಖ್ಯದ ಮಾತು. ಕಾರಟಗಿಯವರದು ದಿನೇ ದಿನೇ ಏರಿದ್ದು, ಗೊರಗೊರದಿಂದ ಶುರು ಆದದ್ದು, ಅದಕ್ಕ ಲ್ಯಾಬಿಗೆ ಒಯ್ರಿ ಅಂದೆ. ಒಮ್ಮಿಗಲೆ ಬಿದ್ರ ಲೆಕ್ಕ ಬ್ಯಾರೆ.

ಮಸ್ಕಿ_ನಾಟಿಕೋಳಿ
ಡಾಕ್ಟ್ರೇ ನಮಸ್ಕಾರ. ನಾವು ಸಂಘದ ಹೆಣ್ಮಕ್ಕಳು ನಾಟಿ ಕೋಳಿ, ಗಿರಿರಾಜ ಸಾಕ್ತೀವ್ರಿ, ಮನಿ ಹಿತ್ತಲದಾಗ, ಹಳೇ ಮಣ್ಣಿನ ಗ್ವಾಡಿ ದೊಡ್ಡಿ ಅದ. ನಮ್ಮ ಕೋಳಿಗೆ ಸೀನು ಗೊರಗೊರ ಏನೂ ಇಲ್ಲ, ಆದ್ರ ತೂಕಡಿಸ್ತಾವ, ಮೈ ಸುಡ್ತದ, ಹಸರ ಬೇಧಿ ಹಾಕ್ತಾವ, ಜುಟ್ಟು ಬಿಳಚಿಕೊಂತದ, ಆಮ್ಯಾಲ ಕಾಲು ಬಿದ್ದು ಕುಂತಲ್ಲೇ ಸಾಯ್ತಾವ. ಎಲ್ಲಾರೂ ಕೊಕ್ಕರೆ ರೋಗ ಅಂತಾರ ಆದ್ರ ನಾವು ಲಸಿಕಿ ಹಾಕ್ಸೀವ್ರಿ. ಬ್ಯಾಸಗಿಯಾಗ ಜಾಸ್ತಿ ಆಗಿತ್ತು, ಈಗೂ ಒಂದೊಂದು ಸಾಯ್ಲಿಕ್ಕತ್ತ್ಯಾವ. ಯಾರ ಮನಿ ದೊಡ್ಡಿ ಹಳೇದು ಅದ ಅವರ ಮನ್ಯಾಗೇ ಜಾಸ್ತಿ.

ಸಿಂಧನೂರು_ವೆಟ್
ಅಕ್ಕಾರೆ, ನಿಮ್ಮ ಕೊನೇ ಸಾಲು ಓದಿ ಖುಷಿ ಆತು, ಹಿಂಗ ಯಾರ ಮನ್ಯಾಗ ಜಾಸ್ತಿ ಅಂತ ಗಮನಿಸೋರು ಕಮ್ಮಿ. ಇವತ್ತು ರಾತ್ರಿ ಊಟ ಆದ ಮ್ಯಾಲ ಬ್ಯಾಟರಿ ಹಿಡ್ಕೊಂಡು ದೊಡ್ಡಿ ಒಳಗ ಹೋಗ್ರಿ, ಗ್ವಾಡಿ ಬಿರುಕು, ಕಟಗಿ ಸಂದಿ, ಕೋಳಿ ಕೂಡೋ ಕೋಲಿನ ತುದಿ ನೋಡ್ರಿ. ಚಪ್ಪಟೆ, ಕಂದು ಬಣ್ಣದ ಉಣ್ಣಿ ಓಡಾಡ್ತಾವೇನು ನೋಡ್ರಿ. ಹಗಲೊತ್ತು ಬಿರುಕಿನ್ಯಾಗ ಅಡಗಿ ಇರ್ತಾವ, ರಾತ್ರಿ ಮಾತ್ರ ಹೊರಗ ಬಂದು ರಕ್ತ ಹೀರಿ ಮತ್ತ ಒಳಗ ಹೋಗ್ತಾವ, ಅದಕ್ಕ ಕೋಳಿ ಮೈಮ್ಯಾಲ ಹಗಲು ಹುಡುಕಿದ್ರ ಸಿಗಂಗಿಲ್ಲ. ಸಣ್ಣ ಮರಿ ಉಣ್ಣಿ ಮಾತ್ರ ರೆಕ್ಕಿ ಸಂದಿಯಾಗ ಕೆಲವು ದಿನ ಕಚ್ಕೊಂಡೇ ಇರ್ತಾವ.

ಆ ಉಣ್ಣಿ ಹೆಸರು ಆರ್ಗಸ್. ಅದು ತರೋ ಬ್ಯಾಕ್ಟೀರಿಯಾ ಬೊರೇಲಿಯಾ, ರೋಗಕ್ಕ ಸ್ಪೈರೋಕೀಟೋಸಿಸ್ ಅಂತಾರ. ನಮ್ಮಂಥ ಬಿಸಿಲು, ಒಣ ಸೀಮಿಗೆ ಹೇಳಿ ಮಾಡಿಸಿದ ರೋಗ ಇದು, ಆದ್ರ ಕೊಕ್ಕರೆ ರೋಗದ ಲಕ್ಷಣ ಹೋಲ್ತದ ಅಂತ ಲೆಕ್ಕಕ್ಕೇ ಬರಂಗಿಲ್ಲ. ಜ್ವರ ಇರೋ ಕೋಳಿದು ಒಂದು ಹನಿ ರಕ್ತ ಗಾಜಿನ ಪಟ್ಟಿ ಮ್ಯಾಲ ಸವರಿ ಸೂಕ್ಷ್ಮದರ್ಶಕದಾಗ ನೋಡಿದ್ರ ಸುರುಳಿ ಸುರುಳಿ ರೋಗಾಣು ಕಾಣ್ತಾವ. ಇದಕ್ಕ ಪೆನ್ಸಿಲಿನ್ ಚಲೋ ಕೆಲಸ ಮಾಡ್ತದ, ಡಾಕ್ಟರ್ ಕಡಿಂದ ಲಗೂನೆ ಹಾಕಿಸಿದ್ರ ಎದ್ದು ಓಡಾಡ್ತಾವ. ಆದ್ರ ಉಣ್ಣಿ ಇರೋತನಕ ರೋಗ ತಿರುಗಿ ಬರೋದೇ, ಆ ಉಣ್ಣಿ ಏನೂ ತಿನ್ನಲಾರದೆ ವರ್ಷಗಟ್ಟಲೆ ಬದುಕ್ತದ. ದೊಡ್ಡಿ ಎರಡು ಮೂರು ತಿಂಗಳು ಖಾಲಿ ಬಿಟ್ರ ಸಾಯ್ತದ ಅಂತ ತಿಳ್ಕೊಬ್ಯಾಡ್ರಿ.

ರಾಯಚೂರು_ಅಮ್ಮ
ನಾವು ಕೋಳಿ ಸಾಕಂಗಿಲ್ರಿ, ತಿನ್ನೋರು. ಇದೆಲ್ಲಾ ಓದಿ ಹೆದರಿಕಿ ಆತು. ಮನ್ಯಾಗ ಸಣ್ಣ ಹುಡುಗರು ಅದಾವ, ಮೊಟ್ಟಿ ಮಾಂಸ ಕೊಡಬೋದೋ ಇಲ್ಲೋ?

ಬಳ್ಳಾರಿ_ಲೇಯರ್
ಅಮ್ಮಾ ಧೈರ್ಯವಾಗಿ ಕೊಡ್ರಿ, ಚೆನ್ನಾಗಿ ಬೇಯಿಸಿ ಕೊಡ್ರಿ ಅಷ್ಟೇ. ಸಾಲ್ಮೊನೆಲ್ಲಾ ಆಗ್ಲಿ ಇ. ಕೋಲಿ ಆಗ್ಲಿ ಪೂರಾ ಬೆಂದ್ರೆ ಸಾಯ್ತವೆ. ಹಸಿ ಮಾಂಸ ಹೆಚ್ಚಿದ ಮಣೆ ಮೇಲೆ ಸೌತೆಕಾಯಿ ಹೆಚ್ಚಬೇಡ್ರಿ, ಹಸಿ ಮಾಂಸನ ನಲ್ಲಿ ಕೆಳಗೆ ಹಿಡಿದು ತೊಳೀಬೇಡ್ರಿ, ನೀರು ಸಿಡಿದು ಅಡಿಗೆಮನೆ ತುಂಬ ಹರಡುತ್ತೆ, ಬಿರುಕು ಬಿಟ್ಟ ಮೊಟ್ಟೆ ತಗೊಬೇಡ್ರಿ. ಔಷಧಿ ಉಳಿಕೆ ವಿಚಾರ ನಮ್ಮಂಥ ಸಾಕೋರ ಜವಾಬ್ದಾರಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮಾರಬಾರದು ಅಂತ ಲೇಬಲ್ ಮೇಲೆ ಬರೆದಿರ್ತಾರೆ, ಅಷ್ಟು ದಿನ ಕಾಯಲೇಬೇಕು. ಹೊಸಪೇಟೆ ಮೊಟ್ಟೆ ರೇಟು ಏರಿದ ದಿನ ಆಸೆ ಆಗುತ್ತೆ ನಿಜ, ಆದ್ರೆ ನಮ್ಮ ಮೊಟ್ಟೆ ಶಾಲೆ ಮಕ್ಕಳ ತಟ್ಟೆಗೂ ಹೋಗುತ್ತೆ.

ಈಗ ಲೇಯರ್‌ನೋರ (ಮೊಟ್ಟೆ ಕೋಳಿ ಸಾಕೋರ) ಕಷ್ಟನೂ ಒಂಚೂರು ಹೇಳ್ತೀನಿ, ಈ ಚಳೀಲಿ ಬಳ್ಳಾರಿ ಸುತ್ತ ಕೊರೈಜಾ ಅನ್ನೋ ಮೂಗಿನ ರೋಗ ಓಡಾಡ್ತೈತೆ. ಮುಖ ಊದುತ್ತೆ, ಒಂದು ಕಣ್ಣು ಮುಚ್ಚಿಹೋಗುತ್ತೆ, ಮೂಗಿಂದ ಸುರಿಯೋದು ಕೊಳೆತ ವಾಸನೆ, ಒಂದು ಕೇಜಿಗೆ ಬಂತು ಅಂದ್ರೆ ಎರಡು ಮೂರು ದಿನದಲ್ಲಿ ಇಡೀ ಲೈನ್. ಸಾಯೋದು ಕಮ್ಮಿ, ಆದ್ರೆ ಮೊಟ್ಟೆ ನೂರಕ್ಕೆ 10ರಿಂದ 40ರವರೆಗೂ ಬಿದ್ದು ಹೋಗುತ್ತೆ. ಔಷಧಿ ಕೊಟ್ರೆ ವಾಸಿ ಆದಂಗೆ ಕಾಣುತ್ತೆ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತೆ, ಯಾಕಂದ್ರೆ ವಾಸಿ ಆದ ಕೋಳಿ ಮೂಗಲ್ಲೇ ರೋಗಾಣು ಉಳ್ಕೊಂಡಿರುತ್ತೆ. ಬೇರೆ ಬೇರೆ ವಯಸ್ಸಿನ ಹಕ್ಕಿ ಒಂದೇ ಕ್ಯಾಂಪಸ್‌ನಲ್ಲಿ ಇಟ್ಟಿರೋ ಫಾರಂಗಳಲ್ಲಿ ಇದು ಹೋಗೋದೇ ಇಲ್ಲ. ಮೊಟ್ಟೆಗೆ ಬರೋ ಮುಂಚೆನೇ ಎರಡು ಸಲ ಲಸಿಕೆ ಚುಚ್ಚಿಸಬೇಕು, ಆ ಲಸಿಕೇಲಿ ಎ, ಬಿ, ಸಿ ಮೂರೂ ತಳಿ ಐತಾ ಅಂತ ಕೇಳಿ ತಗೊಬೇಕು, ಒಂದು ತಳಿ ಲಸಿಕೆ ಇನ್ನೊಂದನ್ನ ತಡೆಯೋದಿಲ್ಲ.

ಗಂಗಾವತಿ_ಹುಡುಗ
ಅಣ್ಣಾರೇ, ನಾನು ಮುಂದಿನ ತಿಂಗಳು ಗಿರಿರಾಜ ಮರಿ ತರಬೇಕಂತ ಮಾಡೀನಿ. ಗಾಡಿ ಮ್ಯಾಲೆ ಮಾರೋರು ಕಮ್ಮಿ ರೇಟಿಗೆ ಕೊಡ್ತಾರ. ಆದ್ರ ನಮ್ಮ ಮಾವ ತಂದ ಮರಿ ಹಿಂಭಾಗದಾಗ ಬಿಳಿ ಸುಣ್ಣದಂಗ ಅಂಟ್ಕೊಂಡು ಬಾಳ ಸತ್ವು. ಏನದು?

ಸಿಂಧನೂರು_ವೆಟ್
ಬಿಳಿ ಬೇಧಿ ಇರಬೋದು, ಪುಲ್ಲೋರಂ. ಸಾಲ್ಮೊನೆಲ್ಲಾ ಜಾತಿದು. ಇದು ತಾಯಿಯಿಂದ ಮೊಟ್ಟಿ ಒಳಗೇ ಬರ್ತದ, ಮರಿ ಒಡೆಯೋ ಮಿಷಿನ್ನಿನ್ಯಾಗ ಒಂದರಿಂದ ಇನ್ನೊಂದಕ್ಕ ಹತ್ತತದ, ಮೊದಲ ಎರಡು ಮೂರು ವಾರದಾಗ ಸಾಯ್ತಾವ. ನಿಮ್ಮ ಶೆಡ್ ಎಷ್ಟು ಸ್ವಚ್ಛ ಇಟ್ರೂ ತಾಯಿ ಕೋಳಿಗೆ ರೋಗ ಇದ್ರ ತಪ್ಪಂಗಿಲ್ಲ. ಅದಕ್ಕ ತಾಯಿ ಕೋಳಿಗೆ ರಕ್ತ ಪರೀಕ್ಷೆ ಮಾಡಿ ರೋಗ ಇದ್ದವನ್ನ ತೆಗೆಯೋ ಹ್ಯಾಚರಿಯಿಂದಲೇ ಮರಿ ತರಬೇಕು, ಸರ್ಕಾರಿ ಕೋಳಿ ಸಾಕಣೆ ಕೇಂದ್ರದಾಗ ಇಲ್ಲಾ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜುಗಳ ಕಡೆ ವಿಚಾರಿಸ್ರಿ. ಉಳಿದ ಮರಿ ದೊಡ್ಡವಾದ ಮ್ಯಾಲ ಆರೋಗ್ಯವಾಗೇ ಕಾಣ್ತಾವ, ಆದ್ರ ಜೀವನ ಪೂರ್ತಿ ಮೊಟ್ಟಿಯಾಗ ರೋಗ ದಾಟಿಸ್ತಾವ, ಅವುಗಳ ಮೊಟ್ಟಿ ಮರಿ ಮಾಡಾಕ ಇಡಬ್ಯಾಡ್ರಿ. ಮೊದಲ ವಾರದಾಗೇ ಹೊಕ್ಕಳ ಊದಿ, ವಾಸನಿ ಬಂದು ಸಾಯೋದು ಬ್ಯಾರೆ, ಅದು ಹೊಕ್ಕಳದಿಂದ ಇ. ಕೋಲಿ ಹೊಕ್ಕದ್ದು. ಮರಿಗೆ ಕಾವು ಕೊಡೋ ಬ್ರೂಡರ್ ಕೆಳಗ ಮೊದಲ ವಾರ 33-35 ಡಿಗ್ರಿ ಇರಬೇಕು, ಚಳಿಗೆ ಸಿಕ್ಕ ಮರಿ ಇಂಥದ್ದಕ್ಕೆಲ್ಲಾ ಬ್ಯಾಗ ತುತ್ತಾಗ್ತದ.

ಅಂದಂಗ ದೊಡ್ಡ ಕೋಳಿ, ಮೈಕೈ ತುಂಬಿದ್ದು, ನಿನ್ನೆ ಮೇದದ್ದು ಇವತ್ತು ಸತ್ತು ಬಿದ್ದಿದ್ರ ಕೋಳಿ ಕಾಲರಾದ ಅನುಮಾನನೂ ಇಟ್ಕೊಳ್ರಿ, ಗದ್ದದ ಕೆಳಗಿನ ತೊಗಲು ಊದಿರ್ತದ. ಇಲಿ ಅದನ್ನ ಹೊತ್ಕೊಂಡು ತಿರುಗ್ತಾವ, ನಮ್ಮ ಭತ್ತದ ನಾಡಿನ್ಯಾಗ ಇಲಿಗೇನು ಬರ. ಪಾಶ್ಚರ್ ಲ್ಯಾಬಿನ್ಯಾಗ ರೋಗಾಣು ಸೊರಗಿಸಿ ಮೊದಲು ಲಸಿಕಿ ಮಾಡಿದ್ದು ಇದೇ ಕೋಳಿ ಕಾಲರಾಕ್ಕ, 1879-80ರ ಸುಮಾರಿಗೆ. ಅಲ್ಲಿಂದ ಶುರು ಆದ ವಿದ್ಯೆ ಇವತ್ತು ನಮ್ಮ ಮಕ್ಕಳಿಗೆ ಹಾಕೋ ಲಸಿಕಿತನಕ ಬಂದದ, ನನಗ ಕೋಳಿ ಕೆಲಸ ಅಂದ್ರ ಅಭಿಮಾನ ಇರೋದು ಅದಕ್ಕೇ.

ಕಾರಟಗಿ_ಫಾರಂ
ಎಲ್ಲಾರಿಗೂ ಶರಣು. ಲ್ಯಾಬ್ ರಿಪೋರ್ಟ್ ಬಂತ್ರಿ. ಕೊಯ್ದಾಗ ಡಾಕ್ಟ್ರು ಹೇಳಿದಂಗ ಲಿವರ್, ಹೃದಯದ ಮ್ಯಾಲೆ ಬಿಳಿ ಪೊರಿ, ಗಾಳಿಚೀಲ ಮಬ್ಬು. ಇ. ಕೋಲಿ ಬೆಳೆದೈತಿ, ಮೈಕೋಪ್ಲಾಸ್ಮಾನೂ ಅನುಮಾನ ಬರದಾರ. ಎನ್ರೋಫ್ಲಾಕ್ಸಸಿನ್‌ಗೆ ಬಗ್ಗಂಗಿಲ್ಲ ಅಂತ ಬಂದೈತಿ, ಕಂಪನಿ ಪೌಡರ್ ಕಡೀಗೆ ಕೇಳಿದ್ರ ಅದೇ ಔಷಧಿ ಅಂತ ಗೊತ್ತಾತು. ಬಗ್ಗೋ ಔಷಧಿ ಲ್ಯಾಬಿನ ಡಾಕ್ಟ್ರೇ ಬರದು ಕೊಟ್ರು, ಮ್ಯಾವಿನ ಚೀಟಿನೂ ನೋಡಿದ್ರು. ಪರದೆ ಮ್ಯಾಲಿಂದ ಬಿಟ್ವಿ, ಹಸಿ ಹೊಟ್ಟು ತೆಗದ್ವಿ, ಈಗ ಮುಂಜಾನೆ ಹೋದ್ರ ಕಣ್ಣು ಉರಿಯಂಗಿಲ್ಲ. ಸಾಯೋದು ಪೂರಾ ನಿಂತಿಲ್ಲ, ದಿನಕ್ಕ ಹತ್ತರ ಒಳಗ ಬಂದೈತಿ. ಸತ್ತವನ್ನ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಾಕತ್ತೀವಿ, ಇಲ್ಲಿ ಕೆಲವರು ಕಾಲುವಿಗೆ ಎಸೀತಾರ, ಕೆಳಗಿನ ಊರಾನ ಮಂದಿ ಅದೇ ನೀರು ಕುಡೀತಾರ, ನೋಡಿದ್ರ ಹೊಟ್ಟಿ ಉರೀತೈತಿ. ನೀರಿಗೆ ಬ್ಲೀಚಿಂಗ್ ಎಷ್ಟು ಹಾಕಬೇಕ್ರಿ?

ಬಳ್ಳಾರಿ_ಲೇಯರ್
ಹೊಸ ಬ್ಲೀಚಿಂಗ್ ಪೌಡರ್ ಆದ್ರೆ ಸಾವಿರ ಲೀಟರ್‌ಗೆ 10ರಿಂದ 15 ಗ್ರಾಂ, ಬಕೆಟ್‌ನಲ್ಲಿ ಕಲಸಿ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ ಅರ್ಧ ತಾಸು ಬಿಡ್ರಿ. ಕೊನೇ ನಿಪ್ಪಲ್ ಹತ್ರ 3ರಿಂದ 5 ಪಿಪಿಎಂ ಸಿಗಬೇಕು, ಟೆಸ್ಟ್ ಪಟ್ಟಿ ಸಿಗ್ತವೆ. ಬಾಯಿ ತೆರೆದಿಟ್ಟ ಹಳೇ ಪೌಡರ್‌ನಲ್ಲಿ ಕ್ಲೋರಿನ್ನೇ ಇರಲ್ಲ. ನಮ್ಮ ಬೋರ್ ನೀರು ಪಿಎಚ್ 8ರ ಮೇಲಿದ್ರೆ ಕ್ಲೋರಿನ್ ಸೊರಗುತ್ತೆ, ಅದಕ್ಕೆ ಆಸಿಡಿಫೈಯರ್ (ಪಿಎಚ್ ಇಳಿಸೋ ಆಸಿಡ್) ಕೊಡ್ತಾರೆ, ಆದ್ರೆ ಆಸಿಡ್ಡೂ ಬ್ಲೀಚಿಂಗೂ ಒಂದೇ ಬಕೆಟ್‌ನಲ್ಲಿ ಯಾವತ್ತೂ ಕಲಸಬೇಡ್ರಿ, ವಿಷದ ಗ್ಯಾಸ್ ಏಳುತ್ತೆ. ನೀರಲ್ಲಿ ಲಸಿಕೆ ಕೊಡೋ ಹಿಂದಿನ ದಿನ, ಅವತ್ತು, ಮಾರನೇ ದಿನ ಕ್ಲೋರಿನ್ ಬಂದ್. ಬ್ಯಾಚ್ ಹೋದ ಮೇಲೆ ಪೈಪ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ತೊಳೀರಿ, ಒಳಗೆ ಲೋಳೆ ಕಟ್ಟಿರುತ್ತೆ, ಇ. ಕೋಲಿ ಅಲ್ಲೇ ಮನೆ ಮಾಡ್ಕೊಂಡಿರುತ್ತೆ.

ಮಸ್ಕಿ_ನಾಟಿಕೋಳಿ
ಡಾಕ್ಟ್ರೇ, ಉಣ್ಣಿ ಸಿಕ್ವು! ಗ್ವಾಡಿ ಬಿರುಕಿನ್ಯಾಗ ಒಂದರ ಮ್ಯಾಲ ಒಂದು ಕುಂತಿದ್ವು, ಮೈ ಜುಂ ಅಂತು. ನಮ್ಮ ಪಶು ಆಸ್ಪತ್ರಿಯವರು ರಕ್ತ ತಗೊಂಡು ಹೋಗ್ಯಾರ, ಸೂಜಿನೂ ಹಾಕ್ಯಾರ, ಎರಡು ಕೋಳಿ ಎದ್ದು ಮೇಯ್ಲಿಕ್ಕತ್ತ್ಯಾವ. ದೊಡ್ಡಿ ಏನು ಮಾಡಬೇಕು?

ಸಿಂಧನೂರು_ವೆಟ್
ಚಲೋ ಸುದ್ದಿ ಅಕ್ಕಾರೆ. ಕೋಳಿನೆಲ್ಲಾ ಬ್ಯಾರೆ ಕಡೆ ಕಟ್ಟ್ರಿ. ಕೂಡೋ ಕೋಲು, ಹಳೇ ಬುಟ್ಟಿ ಸುಟ್ಟು ಹಾಕ್ರಿ. ಬಿರುಕಿನ ಒಳಗ ಉಣ್ಣಿ ಔಷಧಿ ಹೊಡೀರಿ, ಯಾವುದು ಎಷ್ಟು ಅಂತ ನಿಮ್ಮ ಆಸ್ಪತ್ರಿಯವರೇ ಹೇಳ್ಲಿ, ಹೊಡೆಯೋ ಮುಂದ ಮೂಗು ಬಾಯಿ ಕಟ್ಕೊಳ್ರಿ, ನೀರಿನ ತಟ್ಟಿ ಮ್ಯಾವಿನ ತಟ್ಟಿ ಹೊರಗ ಇಡ್ರಿ. ಒಣಗಿದ ಮ್ಯಾಲ ಬಿರುಕಿಗೆಲ್ಲಾ ಸಿಮೆಂಟ್ ಮೆತ್ತಿ ಮ್ಯಾಲ ಸುಣ್ಣ ಬಳೀರಿ. ಮೊಟ್ಟಿ ಒಡೆದು ಹೊಸ ಉಣ್ಣಿ ಬರ್ತಾವ, ಅದಕ್ಕ ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೀಬೇಕು. ಅಕ್ಕಪಕ್ಕದ ಮನಿಯವರೂ ಕೂಡಿ ಒಂದೇ ವಾರದಾಗ ಮಾಡ್ರಿ, ನಿಮ್ಮ ಸಂಘ ಅದಲ್ಲ.

ಕಾರಟಗಿ_ಫಾರಂ
ಸರ್ ಕೊನೇ ಪ್ರಶ್ನೆ. ಬ್ಯಾಚ್ ಎತ್ತಿದ ಮ್ಯಾಲೆ ಇದೇ ಹೊಟ್ಟಿನ ಮ್ಯಾಲೆ ಹೊಸ ಮರಿ ಬಿಡು ಅನ್ನಾಕತ್ತಾರ ಕಂಪನಿಯವರು, ಹೊಟ್ಟಿನ ರೇಟ್ ಏರೈತಿ ಅಂತ. ವಾರದಾಗ ಮರಿ ಕಳಸ್ತಾರಂತ.

ಸಿಂಧನೂರು_ವೆಟ್
ಒಪ್ಪಬ್ಯಾಡ್ರಿ. ಈ ಬ್ಯಾಚಿನ ಹೊಟ್ಟು ಪೂರಾ ಹೊರಗ, ಶೆಡ್ಡಿನಿಂದ ದೂರ ರಾಶಿ ಹಾಕಿ ಮ್ಯಾಲ ತಾಡಪತ್ರಿ ಮುಚ್ಚಿ ಬಿಸಿ ಏರಾಕ ಬಿಡ್ರಿ, ಕೊಳೆತ ಮ್ಯಾಲ ಗದ್ದಿಗೆ ಹಾಕ್ಬೋದು. ನೆಲ ತೊಳೆದು, ಒಣಗಿಸಿ, ಡಿಸ್‌ಇನ್ಫೆಕ್ಟೆಂಟ್ ಹೊಡೆದು, ಸುಣ್ಣ ಬಳಿದು ಕನಿಷ್ಠ ಎರಡು ವಾರ ಖಾಲಿ ಇಡ್ರಿ. ಕಸ ಇರೋ ನೆಲದ ಮ್ಯಾಲ ಡಿಸ್‌ಇನ್ಫೆಕ್ಟೆಂಟ್ ಹೊಡೆದ್ರ ದಂಡ, ಮೊದಲು ತೊಳೀಬೇಕು. ರಿಪೋರ್ಟಿನ ಒಂದು ಪ್ರತಿ ಕಂಪನಿಗೂ ಕೊಡ್ರಿ, ಬರಹದಾಗ ಇದ್ರ ಮಾತಿಗೆ ತೂಕ ಇರ್ತದ. ಹೊಸ ಹೊಟ್ಟು ಗಿರಣಿಯಿಂದ ತರೋ ಮುಂದ ಚೀಲದ ಒಳಗ ಕೈ ಹಾಕಿ ಮೂಸಿ ನೋಡ್ರಿ, ಮಳಿಗೆ ನೆನೆದು ಬೂಷ್ಟಿನ ವಾಸನಿ ಹೊಡೀತಿದ್ರ ಪುಕ್ಕಟೆ ಕೊಟ್ರೂ ಬ್ಯಾಡ, ಮರಿ ಶ್ವಾಸಕೋಶಕ್ಕ ಶಿಲೀಂಧ್ರ ಹತ್ತತದ, ಅದಕ್ಕ ಈ ಯಾವ ಔಷಧಿನೂ ನಾಟಂಗಿಲ್ಲ.